ಕಾಫಿ ಅಂಗಡಿಯನ್ನು ಬೆಟ್ಟಕ್ಕೇರಿಸಿದ ಗಾರುಫಾಲ್ಯಾ

ಸಮಸ್ತ ಭೂಮಂಡಲದ ಗಮನಕ್ಕೆ: ಇಂದು ಸೂರ್ಯೋದಯದ ಶುಭಗಳಿಗೆಯಲ್ಲಿ ಲಿಥಾರಿ ಗ್ರಾಮದ ಕಾಫಿ ಅಂಗಡಿಯ ಕಬ್ಬಿಣದ ಒಲೆಯು, ಮೂರು ತಲೆಮಾರಿನಿಂದ ಅಲಂಕರಿಸಿದ್ದ ಮೂಲೆಯನ್ನು ತೆರವು ಮಾಡಿ, ಉನ್ನತ ಸ್ಥಾನಕ್ಕೆ ಬಡ್ತಿ ಪಡೆದಿದೆ.

ಸುಮ್ಮನೆ ಬಾಯಿಮಾತಿನ ಬಡ್ತಿಯಲ್ಲ. ಒಲೆ ನಿಜವಾಗಿಯೂ ಬೆಟ್ಟ ಹತ್ತುತ್ತಿದೆ. ಒಲೆಯ ಕೆಳಗೆ ಕನೆಲಾ ಎಂಬ ಕಂದು ಹೇಸರಗತ್ತೆ ಇದೆ. ಕನೆಲಾಳ ಮುಂದೆ, ಹಗ್ಗ ಹಿಡಿದು, ಕಪ್ಪು ತಲೆವಸ್ತ್ರ ಬಿಗಿದುಕೊಂಡು ಗಾರುಫಾಲ್ಯಾ ಇದ್ದಾರೆ. ಹಿಂದೆ ‘ಬಿಷಪ್’ ಎಂಬ ಇನ್ನೊಂದು ಹೇಸರಗತ್ತೆ, ಕುರ್ಚಿಗಳನ್ನು ಹೇರಿಕೊಂಡು ಮುಳ್ಳುಹಂದಿಯ ಹಾಗೆ ಕಾಣುತ್ತಾ ಬರುತ್ತಿದೆ. ದಾರಿಯಲ್ಲಿ ಶಿಲುಬೆ ಹೊತ್ತ ಪುಟ್ಟ ಗುಡಿ ಸಿಕ್ಕಿದಲ್ಲೆಲ್ಲ ನಿಂತುಬಿಡುವುದರಿಂದ ಅದಕ್ಕೆ ಆ ಹೆಸರು.

“ಮೆಲ್ಲಗೆ ಕನೆಲಾ, ಮೆಲ್ಲಗೆ ನನ್ನವ್ವ! ನಿನ್ನ ಬೆನ್ನ ಮೇಲೆ ಊರಿನ ಮರ್ಯಾದೆ ಐತೆ,” ಎನ್ನುತ್ತಾರೆ ಗಾರುಫಾಲ್ಯಾ. ಒಂದು ಕ್ಷಣ ಯೋಚಿಸಿ, “ಅದೇನೂ ಅಷ್ಟು ಭಾರ ಇಲ್ಲ. ಒಲೇನೇ ಭಾರ,” ಎಂದು ಸೇರಿಸುತ್ತಾರೆ.

ಎಲ್ಲರಿಗೂ ಹಿಂದೆ ಏದುಸಿರು ಬಿಡುತ್ತಾ ಊರಿನ ಅಧ್ಯಕ್ಷ ಸ್ತೆರ್ಯೋಸ್ ಬರುತ್ತಿದ್ದಾರೆ. ಅವರು ಹೊತ್ತಿರುವುದು ಒಂದೇ ವಸ್ತು, ತಮ್ಮ ಮೀಸೆ. “ಗಾರುಫೋ ಅತ್ತೆ, ಒಲೆ ವಾಲ್ತಾ ಇದೆ!” ಎಂದು ಕೂಗುತ್ತಾರೆ.

“ವಾಲ್ತಿರೋದು ನೀನು ಕಣೋ ಸ್ತೆರ್ಯೋ! ಬಿಷಪ್‌ನ ಬಾಲ ಹಿಡ್ಕೊ, ಬೇಕಾದ್ರೆ ಎಳ್ಕೊಂಡು ಹೋಗ್ತಾನೆ!”

ಈ ದೇಶವನ್ನು ಮಾಡುವ ದಿನ ದೇವರು ಬಹುಶಃ ಹಪ್ಪಳ ಕರಿಯುತ್ತಿದ್ದ. ಸಮತಟ್ಟಾಗಿರುವುದು ಸಮುದ್ರ ಮಾತ್ರ, ಅದೂ ಗಾಳಿ ಇಲ್ಲದ ದಿನ. ದಡದಿಂದ ನೆಟ್ಟಗೆ ಎದ್ದ ನೆಲ ಮಡಿಕೆ ಮಡಿಕೆಯಾಗಿ ಮೇಲೆ ಹೋಗಿ, ಬಂಡೆಯಾಗಿ ಬೋಳಾಗಿ, ಆಚೆ ಬದಿಗೆ ಮತ್ತೆ ಧುಮುಕುತ್ತದೆ. ಪಕ್ಕದ ಊರು ಕೂಗಳತೆಯಲ್ಲೇ ಇರುತ್ತದೆ, ಆದರೆ ಕೂಗಿದ್ದಕ್ಕೆ ಉತ್ತರ ಕೊಡಲು ಅಲ್ಲಿಂದ ಯಾರಾದರೂ ಬರುವಷ್ಟರಲ್ಲಿ ಕೂಗಿದವನಿಗೆ ಊಟದ ಹೊತ್ತಾಗಿರುತ್ತದೆ. ಇಂಥ ನೆಲದಲ್ಲಿ ಡಾಂಬರು ಎಲ್ಲಿ ಸುಸ್ತಾಗಿ ಕೂರುತ್ತದೋ ಅಲ್ಲಿಂದ ಗಾರುಫಾಲ್ಯಾ ಅವರ ಕೆಲಸ ಶುರುವಾಗುತ್ತದೆ. ಮೇಲಿನ ಹುಲ್ಲುಗಾವಲಿನ ಕುರಿಗಾಹಿಗಳಿಗೆ ಹಿಟ್ಟು, ಉಪ್ಪು, ಗ್ಯಾಸ್ ಸಿಲಿಂಡರು ಹತ್ತಿಸಬೇಕು. ಅಲ್ಲಿಂದ ಚೀಸ್ ಇಳಿಸಬೇಕು. ಗುಡಿಗೆ ಹೆಂಚು, ಹಟ್ಟಿಗೆ ತಗಡು, ಒಮ್ಮೊಮ್ಮೆ ಕಾಲು ಮುರಿದುಕೊಂಡವರು.

ಎತ್ತರ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದರೆ ಅವರದೇ ಲೆಕ್ಕವಿದೆ. “ನಿಂಬೆಗಿಡ ಇರೋ ತನಕ ಸಮುದ್ರದ ರಾಜ್ಯ. ಆಲಿವ್ ಮುಗೀತಾ, ಸ್ವೆಟರ್ ಹಾಕ್ಕೊ. ಚೆಸ್ಟ್‌ನಟ್ ಮುಗೀತಾ, ಬಾಯಿ ಮುಚ್ಕೊಂಡು ಉಸಿರು ಉಳಿಸ್ಕೊ. ಫರ್ ಮರಾನೂ ಮುಗೀತು ಅಂದ್ರೆ ದೇವರ ಜತೆ ಮಾತಾಡು. ಮಾತಿಗೆ ಬೇರೆ ಯಾರೂ ಸಿಗಲ್ಲ.”

ಹಗ್ಗ ಅವರ ಕೈಗೆ ಬಂದಿದ್ದು ಗಂಡ ಫಾನಿಸ್ ತೀರಿಕೊಂಡ ಚಳಿಗಾಲದಲ್ಲಿ. ಹೆಂಗಸು ಹೇಸರಗತ್ತೆ ಹೊಡೆಯುವುದೇ ಎಂದು ಊರು ಮೂಗು ಮುರಿಯಿತು. ಮೂಗು ಮುರಿದ ಊರಿನಲ್ಲೇ ಮುಂದಿನ ವಸಂತದಲ್ಲಿ ಸ್ತೆರ್ಯೋಸ್ ಅವರ ಕಾಲು ಮುರಿಯಿತು, ಅದೂ ಹುಲ್ಲುಗಾವಲಿನ ನೆತ್ತಿಯ ಮೇಲೆ. ಅವರನ್ನು ಇಳಿಸಲು ಹೋದವರು ಗಾರುಫಾಲ್ಯಾ. ಹೇರು ಎಂದ ಮೇಲೆ ಎರಡೂ ಬದಿ ಸಮತೂಕ ಇರಬೇಕಲ್ಲ. ಒಂದು ಬದಿಗೆ ಸ್ತೆರ್ಯೋಸ್, ಇನ್ನೊಂದು ಬದಿಗೆ ಉಪ್ಪಿನ ಮೂಟೆಗಳು. ಅರ್ಧ ದಾರಿಯಲ್ಲಿ ಮಳೆ ಹೊಡೆಯಿತು.

“ಉಪ್ಪು ಕರಗ್ತು, ಇವನು ಕರಗ್ಲಿಲ್ಲ,” ಎಂದು ಗಾರುಫಾಲ್ಯಾ ಈಗಲೂ ನಗುತ್ತಾರೆ. “ಇವನ ಕಡೆ ವಾಲಿ ವಾಲಿ, ಕೊನೆಗೆ ಉಪ್ಪಿನ ಜಾಗದಲ್ಲಿ ನಾನೇ ನೇತಾಡ್ಕೊಂಡು ಬಂದೆ.”

ಇಷ್ಟೆಲ್ಲ ಹೊತ್ತರೂ ಗಾರುಫಾಲ್ಯಾ ಅವರಿಗೆ ಲಿಥಾರಿಯಲ್ಲಿ ಒಂದು ಹಕ್ಕು ಮಾತ್ರ ದಕ್ಕಿಲ್ಲ. ಅವರು ಹುಟ್ಟಿದ್ದು ಬೆಟ್ಟದ ಆಚೆ ಬದಿಯ ಕೊರಿಫೂಲದಲ್ಲಿ. ಮದುವೆಯಾಗಿ, ನೆತ್ತಿ ದಾಟಿ, ಈಚೆಗೆ ಬಂದವರು. ಇಲ್ಲಿಯ ರೂಢಿ ಏನೆಂದರೆ, ಕಾಫಿ ಅಂಗಡಿಯಲ್ಲಿ ಹೊರಗಿನವರ ಕಾಫಿಗೆ ಊರಿನವರೇ ದುಡ್ಡು ಕೊಡಬೇಕು. ಕೊಟ್ಟವನು ಕೊಟ್ಟೆ ಅನ್ನುವಂತಿಲ್ಲ. ಏನೂ ಆಗದವನ ಹಾಗೆ ಬೆಟ್ಟ ನೋಡುತ್ತಾ ಕೂರಬೇಕು. ಕುಡಿದವರು ಎದ್ದು ಜೇಬಿಗೆ ಕೈ ಹಾಕಿದಾಗ ಅಂಗಡಿಯ ಜೀಸಿಸ್ ಬೇಡವೆಂಬಂತೆ ಗದ್ದ ಮೇಲೆತ್ತಿ, “ಆಗ್ಲೇ ಕೊಟ್ಟಾಯ್ತು,” ಅನ್ನುತ್ತಾನೆ. ಮದುವೆಯಾದ ವಾರದಿಂದ ತಲೆ ನೆರೆತ ಇವತ್ತಿನವರೆಗೆ ಗಾರುಫಾಲ್ಯಾ ಕೇಳಿರುವುದು ಇದೊಂದೇ ಮಾತು.

“ನಂಗೂ ಒಂದ್ಸಲ ಕುಡಿಸೋಕೆ ಬಿಡ್ರೋ ಅಂತೀನಿ. ನೀನು ಆಚೆಯವಳು, ಅತಿಥಿ, ಕೂತ್ಕೊ ಅಂತಾರೆ. ಮರ್ಯಾದೇನೇ, ಇಲ್ಲ ಅನ್ನಲ್ಲ. ಆದ್ರೆ ಇಷ್ಟು ವರ್ಷ ಮರ್ಯಾದೆ ಮಾಡಿಸ್ಕೊಂಡ್ರೆ ಬೆನ್ನು ನೋಯುತ್ತೆ ಕಣಪ್ಪ.”

ಈಗ ಒಲೆಯ ಬಡ್ತಿಗೂ ಈ ಬೆನ್ನುನೋವಿಗೂ ನಂಟು ಬೆಳೆದಿದೆ. ಕೆಳಗಿನ ಹೆದ್ದಾರಿಯ ಕವಲಿನಲ್ಲಿ ‘ಜಿಲ್ಲೆಯ ಅತಿ ಎತ್ತರದ ಊರು’ ಎಂಬ ನೀಲಿ ಫಲಕವಿದೆ. ಅದರ ಬಾಣ ಕೊರಿಫೂಲದ ಕಡೆ ತಿರುಗಿದೆ. ಬಸ್ಸುಗಟ್ಟಲೆ ಜನ ಬಾಣ ಹಿಡಿದು ಅಲ್ಲಿಗೆ ಹೋಗಿ, ಅಲ್ಲಿಯ ಜೇನು ಕೊಂಡು, ಅಲ್ಲಿಯ ಗಾಳಿಯನ್ನು ಹೊಗಳಿ ಬರುತ್ತಾರೆ. ಈಚೆ ಬದಿಗೂ ಅದೇ ಗಾಳಿ, ಒಂದು ಕ್ಷಣ ತಡವಾಗಿ ಬರುತ್ತದೆ, ಅಷ್ಟೆ. ಲಿಥಾರಿಗೆ ಹೊಟ್ಟೆಯೊಳಗೆ ಒಲೆ ಹೊತ್ತಿಕೊಂಡು ಬಹಳ ಕಾಲವಾಗಿದೆ.

ಊರಿನ ಎತ್ತರವನ್ನು ಎಲ್ಲಿ ಅಳೆಯಬೇಕು? ಜನ ದಿನಾ ಸೇರುವ ಜಾಗದಲ್ಲಿ ಎನ್ನುತ್ತದೆ ನಿಯಮ. ಚರ್ಚಿಗೆ ಜನ ಭಾನುವಾರ ಮಾತ್ರ ಸೇರುತ್ತಾರೆ, ಆದ್ದರಿಂದ ಕಾಫಿ ಅಂಗಡಿಯ ಹೊಸ್ತಿಲೇ ಊರಿನ ಎತ್ತರ. ಈ ವರ್ಷ ಮರು ಅಳತೆ ನಡೆಯುತ್ತದೆ ಎಂದು ಗೊತ್ತಾದದ್ದೇ ಸ್ತೆರ್ಯೋಸ್ ಅವರ ಮೀಸೆಯಡಿ ಮಿಂಚು ಹೊಳೆಯಿತು. ಊರನ್ನು ಎತ್ತಲಾಗದು. ಹೊಸ್ತಿಲನ್ನು ಎತ್ತಬಹುದಲ್ಲ! ನೆತ್ತಿಯ ಮೇಲೆ ಹಳೆಯ ಕಲ್ಲಿನ ಕಣ ಇದೆ. ಗೋಧಿ ತೂರಲು ಗಾಳಿ ಬೇಕೆಂದು ಹಿರಿಯರು ಅಷ್ಟು ಮೇಲೆ ಕಟ್ಟಿಸಿದ್ದು. ಪಕ್ಕದಲ್ಲಿ ಹುಲ್ಲಿನ ಕೊಟ್ಟಿಗೆಯೂ ಇದೆ. ಕಾಫಿ ಅಂಗಡಿ ಅಲ್ಲಿಗೆ ಹೋದರೆ ಕೊರಿಫೂಲ ಕಾಲಡಿಗೆ ಬರುತ್ತದೆ. ಉಳಿದ ಊರಿನವರು ಚುನಾವಣೆಗಾಗಿ ಕಣಕ್ಕೆ ಇಳಿಯುತ್ತಾರೆ. ಲಿಥಾರಿ ಫಲಕಕ್ಕಾಗಿ ಕಣಕ್ಕೆ ಏರುತ್ತಿದೆ.

ಹೊರುವವರು ಯಾರು ಎಂಬ ಪ್ರಶ್ನೆ ಬಂದಾಗ ಅಂಗಡಿಯಲ್ಲಿದ್ದ ಎಲ್ಲರೂ ಒಂದೇ ಕಡೆ ನೋಡಿದರು. “ಅತ್ತೆ, ಫಲಕ ನಮಗೆ ಬಂದ ದಿನ ಇಡೀ ಊರಿಗೆ ನೀನೇ ಕಾಫಿ ಕುಡಿಸು,” ಎಂದು ಸ್ತೆರ್ಯೋಸ್ ಮೀಸೆ ಮುಟ್ಟಿ ಆಣೆ ಮಾಡಿದರು. “ಅವತ್ತಿಂದ ನೀನು ಲಿಥಾರಿಯವಳು.” ಗಾರುಫಾಲ್ಯಾ ಎದ್ದು ಹೋಗಿ ಹೇಸರಗತ್ತೆಗಳ ತಡಿಗಳಿಗೆ ಎಣ್ಣೆ ಹಚ್ಚಿದರು.

ಈಗ ಬಿಸಿಲು ಏರುವ ಹೊತ್ತಿಗೆ ಒಲೆ ಕಣ ಸೇರಿದೆ. ಬಿಷಪ್ ದಾರಿಯ ಗುಡಿಗಳಿಗೆಲ್ಲ ನಮಸ್ಕಾರ ಮುಗಿಸಿ ಕುರ್ಚಿ ತಲುಪಿಸಿದೆ. ಅಮೃತಶಿಲೆಯ ಮೇಜು, ತಾಮ್ರದ ಕಾಫಿಪಾತ್ರೆಗಳು, ಗೋಡೆ ಗಡಿಯಾರ ಎಲ್ಲವೂ ಬಂದಿವೆ. ಊರೂ ಬಂದಿದೆ, ತೆವಳಿಕೊಂಡು. ಕೊಟ್ಟಿಗೆಯ ಬಾಗಿಲಿಗೆ ಜೀಸಿಸ್ ಬೋರ್ಡು ಹೊಡೆಯುತ್ತಿದ್ದಾನೆ. ಕೆಳಗೆ ದೂರದಲ್ಲಿ ಸಮುದ್ರ ತವರದ ತಗಡಿನ ಹಾಗೆ ಹೊಳೆಯುತ್ತಿದೆ.

ಸರ್ಕಾರದ ಕಡೆಯಿಂದ ಅಳತೆಗೆ ಬಂದವಳು ಮಿರ್ಸಿನಿ ಎಂಬ ಚುರುಕು ಹುಡುಗಿ. ಅಣಬೆಯಂಥ ಯಂತ್ರ ಸಿಕ್ಕಿಸಿದ ಕೋಲನ್ನು ಹೊಸ್ತಿಲ ಮೇಲೆ ನಿಲ್ಲಿಸುತ್ತಾಳೆ. ಎಲ್ಲರೂ ಉಸಿರು ಬಿಗಿಹಿಡಿಯುತ್ತಾರೆ. ಹತ್ತಿ ಬಂದ ಆಯಾಸಕ್ಕೆ ಅದು ಕಷ್ಟದ ಕೆಲಸ.

“ಕೊರಿಫೂಲಕ್ಕಿಂತ ಮೇಲಿದೆ,” ಎನ್ನುತ್ತಾಳೆ ಮಿರ್ಸಿನಿ. “ತುಂಬಾನೇ ಮೇಲೆ.”

ಟೋಪಿಗಳು ಹಾರುತ್ತವೆ. ಸ್ತೆರ್ಯೋಸ್ ಕಣ್ಣೊರೆಸಿಕೊಂಡು ಬಿಷಪ್‌ಗೆ ಮುತ್ತು ಕೊಡುತ್ತಾರೆ. ಗಾರುಫಾಲ್ಯಾ ಅಂಗಿಯೊಳಗಿನಿಂದ ದುಡ್ಡು ಗಂಟು ಕಟ್ಟಿದ ಕರವಸ್ತ್ರ ತೆಗೆದು, “ಜೀಸಿ, ಎಲ್ಲರಿಗೂ ಇಡು. ನನ್ನ ಲೆಕ್ಕ!” ಎಂದು ಕೂಗುತ್ತಾರೆ. ಅವರ ದನಿ ಬೆಟ್ಟದಲ್ಲಿ ಅಷ್ಟು ಜೋರಾಗಿ ಹಿಂದೆಂದೂ ಕೇಳಿಲ್ಲ, ಹೇಸರಗತ್ತೆಗಳೂ ಕಿವಿ ನಿಮಿರಿಸುತ್ತವೆ. ಒಲೆಯ ಮೇಲೆ ಕಾಫಿ ನೊರೆಯೇಳುತ್ತದೆ.

“ಇನ್ನೊಂದೇ ಇದೆ, ಅಧ್ಯಕ್ಷರೇ,” ಎನ್ನುತ್ತಾಳೆ ಮಿರ್ಸಿನಿ. “ನಿಮ್ಮ ಎರಡು ಊರಿನ ಗಡಿ ಯಾವುದು?”

“ಅದೇನು ಕೇಳ್ತೀಯಮ್ಮ! ನೀರು ಹರಿಯೋ ಗಡಿ. ಮಳೆ ಬಿದ್ದು ಈ ಕಡೆ ಹರಿದ್ರೆ ನಮ್ದು, ಆ ಕಡೆ ಹರಿದ್ರೆ ಅವರ್ದು. ತಾತಂದಿರ ಕಾಲದ ಕಾನೂನು.”

“ಸರ್ಕಾರದ್ದೂ ಅದೇ ಕಾನೂನು,” ಎಂದು ಮಿರ್ಸಿನಿ ಕಾಫಿಯ ಜತೆ ಬಂದ ಲೋಟದ ನೀರನ್ನು ಹೊಸ್ತಿಲ ಮೇಲೆ ಸುರಿಯುತ್ತಾಳೆ.

ನೀರು ಕ್ಷಣ ನಿಲ್ಲುತ್ತದೆ, ಯೋಚಿಸುವ ಹಾಗೆ. ಆಮೇಲೆ ಕಲ್ಲಿನ ಸಂದು ಹುಡುಕಿಕೊಂಡು, ಕಣ ದಾಟಿ, ಸಲೀಸಾಗಿ ಕೊರಿಫೂಲದ ಕಡೆ ಇಳಿದುಹೋಗುತ್ತದೆ.

“ನೀರು ಕಮ್ಮಿ ಆಯ್ತು,” ಎನ್ನುತ್ತಾರೆ ಸ್ತೆರ್ಯೋಸ್. ಕೊಡ ತರಿಸುತ್ತಾರೆ. ಕೊಡವೂ ಆಚೆಗೇ ಹೋಗುತ್ತದೆ. “ನೀರಿಗೆ ಬುದ್ಧಿ ಇಲ್ಲ,” ಎಂದು ತಮ್ಮದೇ ಸೀಸೆಯ ಊರಿನ ಸಾರಾಯಿ ಸುರಿಯುತ್ತಾರೆ. ಲಿಥಾರಿಯ ದ್ರಾಕ್ಷಿಯಿಂದ ಇಳಿಸಿದ ಸಾರಾಯಿ, ಹಿಂತಿರುಗಿಯೂ ನೋಡದೆ ಕೊರಿಫೂಲಕ್ಕೆ ಓಡುತ್ತದೆ.

“ಗಾಳಿ ಇದೆ ಅಂತ ಇಲ್ಲಿ ತೂರ್ತಿದ್ವಿ,” ಎನ್ನುತ್ತಾನೆ ಜೀಸಿಸ್ ಸಣ್ಣ ದನಿಯಲ್ಲಿ. “ಜಾಗ ಯಾರದ್ದು ಅಂತ ಯಾರು ಕೇಳಿದ್ರು?”

ಮಿರ್ಸಿನಿಗೆ ಪಾಪ ಅನ್ನಿಸಿದೆ, ಆದರೂ ಹೇಳಬೇಕು. ಈ ಹೊಸ್ತಿಲು ಕೊರಿಫೂಲದ ನೆಲದಲ್ಲಿದೆ. ಬೇರೆ ಊರಿನ ನೆಲದಲ್ಲಿ ನಿಂತು ನಮ್ಮೂರು ಎತ್ತರ ಎನ್ನುವಂತಿಲ್ಲ. ಕೆಳಗಿನ ಹಳೆಯ ಅಂಗಡಿಯಲ್ಲಿ ಈಗ ಒಲೆಯೂ ಇಲ್ಲ, ಕುರ್ಚಿಯೂ ಇಲ್ಲ, ಜನರೂ ಇಲ್ಲ. ಜನ ಸೇರುವ ಜಾಗವೇ ಇಲ್ಲದ ಮೇಲೆ ಲಿಥಾರಿಗೆ ಸದ್ಯಕ್ಕೆ ಎತ್ತರವೇ ಇಲ್ಲ.

“ಎತ್ತರವೇ ಇಲ್ಲ ಅಂದ್ರೆ?” ಸ್ತೆರ್ಯೋಸ್ ಕುರ್ಚಿಯಲ್ಲಿ ಕುಸಿಯುತ್ತಾರೆ. “ಸಮುದ್ರದ ಮಟ್ಟಾನಾ ನಾವು?”

ಯಾರೂ ನಗುವುದಿಲ್ಲ. ಕಾಫಿಯ ನೊರೆ ಇಳಿಯುತ್ತಿದೆ. ಎಲ್ಲರೂ ಗಾರುಫಾಲ್ಯಾ ಅವರ ಕೈಯಲ್ಲಿನ ಕರವಸ್ತ್ರ ನೋಡಿ ನೋಡದಂತೆ ಮಾಡುತ್ತಾರೆ. ಫಲಕವಿಲ್ಲ ಎಂದ ಮೇಲೆ ಆಣೆಯೂ ಇಲ್ಲ. ಸ್ತೆರ್ಯೋಸ್ ನಿಟ್ಟುಸಿರು ಬಿಟ್ಟು, ರೂಢಿಯಂತೆ ತಾವೇ ಜೇಬಿಗೆ ಕೈ ಹಾಕಿ ಎದ್ದು ನಿಲ್ಲುತ್ತಾರೆ.

“ಕೂತ್ಕೊ ಸ್ತೆರ್ಯೋ,” ಎನ್ನುತ್ತಾರೆ ಗಾರುಫಾಲ್ಯಾ. “ಇದು ಯಾವೂರು?”

“ಈಗ್ತಾನೆ ಕೇಳ್ಲಿಲ್ವಾ ಅತ್ತೆ? ಕೊರಿಫೂಲ.” ಹೇಳಿದ ಮೇಲೆ ಅವರ ಬಾಯಿ ತೆರೆದೇ ಉಳಿಯುತ್ತದೆ.

“ನನ್ನ ತವರು,” ಎನ್ನುತ್ತಾರೆ ಗಾರುಫಾಲ್ಯಾ. “ಇಷ್ಟು ವರ್ಷ ನನ್ನ ಆಚೆಯವಳು, ಆಚೆಯವಳು ಅಂದ್ರಿ. ಇವತ್ತು ಒಲೆ, ಮೇಜು, ಗಡಿಯಾರ ಸಮೇತ ಎಲ್ಲರೂ ಆಚೆಗೇ ಬಂದಿದ್ದೀರ. ಬಿಸಿ ಇದ್ದಾಗ್ಲೇ ಕುಡೀರಿ.”

ಮೊದಲು ನಕ್ಕವಳು ಮಿರ್ಸಿನಿ. ಆಮೇಲೆ ಕಣವೇ ನಗುತ್ತದೆ. ಒಲೆಯನ್ನು ಮತ್ತೆ ಇಳಿಸುವುದು ಯಾವಾಗ, ಇಳಿಜಾರಿನಲ್ಲಿ ಹೇರು ಕನೆಲಾಳ ಕುತ್ತಿಗೆಗೆ ಜಾರುವುದಿಲ್ಲವೇ ಎಂದು ಕೇಳಿದವರಿಗೆ ಗಾರುಫಾಲ್ಯಾ, “ನಾಳೆ ನೋಡಣ. ಇವತ್ತು ನೆಂಟರು ಬಂದವ್ರೆ,” ಎನ್ನುತ್ತಾರೆ.

ಅಧ್ಯಕ್ಷರು ಕೊನೆಯ ಗುಟುಕು ಮುಗಿಸಿ, ಒಂದು ಕೊನೆಯ ಪ್ರಯತ್ನವೆಂದು ಮೆಲ್ಲನೆ ಜೇಬಿಗೆ ಕೈ ಹಾಕುತ್ತಾರೆ. ಜೀಸಿಸ್ ಗದ್ದ ಮೇಲೆತ್ತುತ್ತಾನೆ.

“ಆಗ್ಲೇ ಕೊಟ್ಟಾಯ್ತು, ಅಧ್ಯಕ್ಷರೇ.”

ಗಾರುಫಾಲ್ಯಾ ಏನೂ ಆಗದವರ ಹಾಗೆ ಬೆಟ್ಟ ನೋಡುತ್ತಾ ಕೂತಿದ್ದಾರೆ.