ಇಳಿಯುವುದನ್ನು ಕಲಿಸಿದವರು

ನೆಲ ಅಲುಗಾಡದಿದ್ದರೂ ಅವರು ಕಾಲು ಅಗಲಿಸಿಯೇ ನಿಲ್ಲುತ್ತಿದ್ದರು. ಎಡ ಸೊಂಟವನ್ನು ಗೋಡೆಗೋ, ಕಿಟಕಿಗೋ, ಏನೂ ಸಿಗದಿದ್ದರೆ ಪಕ್ಕದಲ್ಲಿ ಕೂತವರ ಭುಜಕ್ಕೋ ಆನಿಸಬೇಕು, ಆಮೇಲೇ ಮಾತು. ಮಾತಿನ ನಡುವೆ ಬಲಗೈ ತಾನಾಗಿ ಮೇಲೆ ಹೋಗಿ ಇಲ್ಲದ ಕಂಬಿಯನ್ನು ಹುಡುಕುತ್ತಿತ್ತು. ಶಿವಮೊಗ್ಗ-ಸೊರಬದ ಬಸ್ಸಿನಲ್ಲಿ ಆಯುಷ್ಯವೆಲ್ಲ ಟಿಕೆಟ್ ಹರಿದು ನಿವೃತ್ತರಾದವರು. ಜೈಲಿನಲ್ಲಿ ನಾವೆಲ್ಲ ಅವರನ್ನು ಕಂಡಕ್ಟರ್ರು ಎಂದೇ ಕರೆಯುತ್ತಿದ್ದೆವು.

ಹೌದು, ನಾನು ಶಿವಮೊಗ್ಗದ ಜೈಲಿನಲ್ಲಿದ್ದವನು. ಉಡುತಡಿ ಕಡೆಯ ಕುರಿ ಸಾಕುವ ಮನೆಯವನು. ಮೇವಿನ ಜಾಗದ ಜಗಳವೊಂದು ಕೈಮೀರಿ ಪಕ್ಕದ ಊರಿನ ಒಬ್ಬನ ಜೀವ ಹೋಯಿತು, ನನ್ನ ಪ್ರಾಯವೂ ಹೋಯಿತು. ಅದನ್ನೆಲ್ಲ ಕೋರ್ಟಿನಲ್ಲಿ ಹೇಳಿಯಾಗಿದೆ. ಇಲ್ಲಿ ಹೇಳಬೇಕಾದ್ದು ಕಂಡಕ್ಟರ್ರ ವಿಷಯ.

ಬಿಡುಗಡೆ ಹತ್ತಿರ ಬಂದವರಿಗೆ ಜೈಲಿನಲ್ಲಿ ಹೊಲಿಗೆ, ಬಡಗಿ ಕೆಲಸ, ಯೋಗ ಎಲ್ಲ ಕಲಿಸುತ್ತಿದ್ದರು. ದೊಡ್ಡವರು ಬಂದು ಸಮಾಜದ ಮುಖ್ಯವಾಹಿನಿ ಅಂತ ಭಾಷಣ ಮಾಡಿ, ಬಿಸ್ಕತ್ತು ಹಂಚಿ ಹೋಗುತ್ತಿದ್ದರು. ಮುಖ್ಯವಾಹಿನಿಗೆ ಯಾವ ಬಸ್ಸು ಹೋಗುತ್ತದೆಂದು ಯಾರೂ ಹೇಳಲಿಲ್ಲ. ಹಾಗೆಯೇ ಹೊರಗಿನಿಂದ ಪಾಠ ಹೇಳಲು ಬರುತ್ತಿದ್ದ ಕಂಡಕ್ಟರ್ರು ಮಾತ್ರ ಬಂದ ಮೊದಲ ದಿನವೇ ಬೆಂಚುಗಳನ್ನು ಎರಡು ಸಾಲಾಗಿ ಎಳೆಸಿ, ನಡುವೆ ದಾರಿ ಬಿಡಿಸಿ, "ಬರ್ರೀ, ಹತ್ತಿಕೊಳ್ರೀ, ಒಳಗೆ ಹೋಗ್ರೀ" ಎಂದರು. ಕಾವಲಿನವರು ನಕ್ಕರು. ನಮಗೆ ನಗು ಬರಲಿಲ್ಲ. ಎಷ್ಟೋ ವರ್ಷಗಳ ಮೇಲೆ ಯಾರೋ ನಮಗೆ "ರೀ" ಅಂದಿದ್ದರು.

"ಹತ್ತೋದು ಎಲ್ಲರಿಗೂ ಬರ್ತದೆ ರೀ. ಇಳಿಯೋದೇ ವಿದ್ಯೆ" ಎನ್ನುವುದು ಅವರ ಮಾತು. ಸರ್ವಿಸಿನಲ್ಲಿ ಅವರು ಬಹಳ ಜನರನ್ನು ಕಂಡಿದ್ದರಂತೆ. ಬಿಡುಗಡೆಯಾದವರು ಕೈಚೀಲ ತಬ್ಬಿಕೊಂಡು ಕೂರುತ್ತಾರೆ, ತಮ್ಮೂರಿಗೇ ಟಿಕೆಟ್ ತೆಗೆಸುತ್ತಾರೆ, ಊರು ಬಂದಾಗ ಏಳುವುದಿಲ್ಲ. ಕಟ್ಟೆಯ ಮೇಲೆ ಕೂತ ಜನರನ್ನು ಕಂಡು ಮುಖ ಆ ಕಡೆ ತಿರುಗಿಸುತ್ತಾರೆ. ಕೊನೆಯ ಸ್ಟಾಪಿನಲ್ಲಿ ಇಳಿದು ಕತ್ತಲಾಗಲೆಂದು ಕಾಯುತ್ತಾರೆ. ಕೆಲವರು ಕತ್ತಲಾದ ಮೇಲೂ ಊರಿಗೆ ಹೋಗದೆ ಇನ್ನೆಲ್ಲಿಗೋ ಹೋಗಿಬಿಡುತ್ತಾರೆ. "ಹಗಲಲ್ಲಿ ಇಳೀರಿ, ನಿಮ್ಮ ಸ್ಟಾಪಲ್ಲೇ ಇಳೀರಿ. ಕತ್ತಲಲ್ಲಿ ಬಂದೋನ್ನ ಊರು ಕಳ್ಳ ಅಂತದೆ."

ಪಾಠವೆಂದರೆ ಇಷ್ಟೇ: ಒಬ್ಬ ಬೆಂಚಿನ ಬಸ್ಸಿನಿಂದ ಇಳಿಯಬೇಕು, ಉಳಿದವರು ಊರ ಜನರಾಗಿ ಕಟ್ಟೆಯ ಮೇಲೆ ಕೂರಬೇಕು. "ಏನೋ, ಬಂದ್ಯಾ?" "ಇಷ್ಟು ಬೇಗ ಬಿಟ್ರೇನೋ?" "ಇನ್ಮೇಲಾದ್ರೂ ನೆಟ್ಟಗಿರ್ತೀಯಾ?" ಕೇಳುವುದರಲ್ಲಿ ನಾವು ಯಾವ ಊರಿಗೂ ಕಮ್ಮಿಯಿರಲಿಲ್ಲ. ಕೊಲೆ ಮಾಡಿ ಬಂದವನೇ ಮೂಗು ಮುರಿದು, "ಅಯ್ಯ, ಇವನ ಮುಖ ನೋಡಬಾರ್ದು" ಅನ್ನುತ್ತಿದ್ದ. ಉತ್ತರ ಕೊಡುವಾಗ ತಲೆ ತಗ್ಗಿತೋ, ಕಂಡಕ್ಟರ್ರು "ರೈಟ್ ರೈಟ್" ಎಂದು ಕೂಗಿ ಮತ್ತೆ ಬಸ್ಸು ಹತ್ತಿಸುತ್ತಿದ್ದರು.

ಬಿಡುಗಡೆಯ ದಿನ ನಾನೂ ನಮ್ಮೂರಿಗೇ ಟಿಕೆಟ್ ತೆಗೆಸಿದೆ. ಶಿಕಾರಿಪುರ ದಾಟಿತು. ಕಟ್ಟೆ ಕಂಡಿತು, ಅದರ ಮೇಲೆ ಜನ ಕಂಡರು. ಎದ್ದೇಳಲು ಆಗಲಿಲ್ಲ. ಮುಂದಿನ ಟಿಕೆಟ್ ತೆಗೆಸಿ, ಶಿರಾಳಕೊಪ್ಪವೂ ಹಿಂದಾಗಿ, ಸೊರಬದ ಸ್ಟ್ಯಾಂಡಿನಲ್ಲಿ ಎಲ್ಲರೂ ಇಳಿದ ಮೇಲೆ ಇಳಿದೆ. ನೋಡಿದರೆ ಎದುರಿಗೇ ಕಂಡಕ್ಟರ್ರು ಕಂಬಕ್ಕೆ ಒರಗಿ ನಿಂತಿದ್ದಾರೆ. ಯಾರದಾದರೂ ಬಿಡುಗಡೆ ಇದ್ದ ದಿನ ಅವರು ಅಲ್ಲಿಗೆ ಬಂದು ಒಂದೊಂದು ಬಸ್ಸನ್ನೂ ಕಾಯುತ್ತಿದ್ದರಂತೆ. ಬೈಯಲಿಲ್ಲ. "ಉಂಡು ಹೋಗೋರಂತೆ, ಬರ್ರಿ" ಅಂದರು.

ಸ್ಟ್ಯಾಂಡಿನ ಹಿಂದೆ ಒಂದೇ ಒಂದು ಕೋಣೆ. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. "ಮನೇಲಿ ಮಾತಾಡೋಕೆ ಯಾರೂ ಇಲ್ವಾ?" ಎಂದೆ. "ಕುಕ್ಕರ್ ಐತಲ್ರೀ. ಅದು ಕೂಗ್ದಾಗೆಲ್ಲ ನಾನು ಓ ಅಂತೀನಿ." ಇಬ್ಬರೂ ನಕ್ಕೆವು. ನಗು ಮುಗಿದ ಮೇಲೆ ಕೋಣೆಯಲ್ಲಿ ಏನೂ ಉಳಿಯಲಿಲ್ಲ. ಜೈಲಿನಲ್ಲಿ ಪಕ್ಕದವನ ಗೊರಕೆಯಾದರೂ ಇತ್ತು. ಈ ಮನುಷ್ಯನಿಗೆ ಅದೂ ಇರಲಿಲ್ಲ.

ಊಟವಾದ ಮೇಲೆ ವಾಪಸು ಬಸ್ಸಿನಲ್ಲಿ ಅವರೂ ಜೊತೆಗೆ ಬಂದರು. ನಮ್ಮೂರ ಹತ್ತಿರ "ಹೋಲ್ಡಾನ್" ಎಂದು ಕೂಗಿದರು. ನನ್ನ ಕಾಲು ನೆಲ ಮುಟ್ಟಿತೋ ಇಲ್ಲವೋ, "ರೈಟ್ ರೈಟ್!" ಆ ಬಸ್ಸಿನ ನಿಜವಾದ ಕಂಡಕ್ಟರ್ ಪೆಚ್ಚಾಗಿ ನೋಡುತ್ತಿದ್ದ. ನಾನು ಮತ್ತೆ ಹತ್ತದಂತೆ ಬಸ್ಸು ಹೊರಟುಹೋಯಿತು.

ಯಾರೂ ಏನೂ ಕೇಳಲಿಲ್ಲ. ಅಷ್ಟೊಂದು ಉತ್ತರ ಬಾಯಿಪಾಠ ಮಾಡಿಕೊಂಡು ಹೋದವನಿಗೆ ಒಂದು ಪ್ರಶ್ನೆಯೂ ಬರಲಿಲ್ಲ. ಕಟ್ಟೆಯ ಮಾತು ನಿಂತಿತು, ನಾನು ದಾಟಿದ ಮೇಲೆ ಮತ್ತೆ ಶುರುವಾಯಿತು. ಅವ್ವ ನಾನು ಜೈಲಿನಲ್ಲಿದ್ದಾಗಲೇ ಹೋಗಿದ್ದಳು. ಅಣ್ಣ ಜಗಲಿ ತೋರಿಸಿದ. ಅತ್ತಿಗೆ ತಟ್ಟೆಯನ್ನು ಹೊಸ್ತಿಲಿನ ಹೊರಗೆ ಇಟ್ಟು ಒಳಗೆ ಹೋದಳು. ಬೆಳಗಾದರೆ ಕುರಿ, ಸಂಜೆಯಾದರೆ ಜಗಲಿ. ಮಳೆಗಾಲ ಬಂತು, ಹೋಯಿತು, "ಒಳಗೆ ಬಾ" ಎಂದು ಯಾರೂ ಅನ್ನಲಿಲ್ಲ. ನನಗೆ ಬೇಕಾಗಿದ್ದದ್ದು ಅದೊಂದೇ.

ತಡೆಯಲಾರದೆ ಸೊರಬಕ್ಕೆ ಹೋಗಿ, "ಯಾರೂ ಏನೂ ಕೇಳಲ್ಲ ರೀ" ಅಂದೆ. ಕಂಡಕ್ಟರ್ರು ಸೊಂಟವನ್ನು ಗೋಡೆಗೆ ಆನಿಸಿದರು. "ಅದನ್ನ ನಾನು ಕಲಿಸ್ಲೇ ಇಲ್ಲ ನೋಡ್ರಿ. ಜನ ಬಾಯಿ ಬಿಡ್ತಾರೆ ಅಂತಾನೇ ತಿಳ್ಕಂಡಿದ್ದೆ." ಮುಂದಿನ ಸಲದಿಂದ ಜೈಲಿನ ಪಾಠವೇ ಬದಲಾಯಿತಂತೆ. ಇಳಿದವನ ಎದುರು ಎಲ್ಲರೂ ಮಾತು ನಿಲ್ಲಿಸಿ ಕೂರಬೇಕು, ಅವನು ಆ ಮೌನದ ನಡುವೆ ನಡೆದು ಹೋಗಬೇಕು. ಗಟ್ಟಿಗರೂ ಅದರಲ್ಲಿ ಅತ್ತರಂತೆ. ನನಗೆ ಹೇಳಿದ್ದು ಹೀಗೆ: "ಅವರು ಕೇಳದಿದ್ರೆ ನೀವೇ ಕೇಳ್ರಿ. ಕುರಿ ಈಯ್ತಾ, ಕರೆಂಟ್ ಬಂತಾ, ಏನಾದ್ರೂ. ಉತ್ತರ ಬರದಿದ್ರೆ ನಾಳೆ ಮತ್ತೆ ಕೇಳ್ರಿ."

ಕೇಳಿದೆ. ಬಹಳ ದಿನದ ಮೇಲೆ ಅಣ್ಣ "ಹೂಂ" ಅಂದ. ಸೊರಬಕ್ಕೆ ಹೋಗಿ ಆ "ಹೂಂ" ಅನ್ನೂ ಒಪ್ಪಿಸಿದೆ. "ಭೇಷ್!" ಅಂದರು, ಮಗನಿಗೆ ನೌಕರಿ ಸಿಕ್ಕಿದವರ ಹಾಗೆ. ಆಮೇಲೆ ಸಂತೆಯ ನೆಪ ಮಾಡಿಕೊಂಡು ಆಗಾಗ ಹೋಗುತ್ತಿದ್ದೆ. ನಾನು ಹೇಳುವುದು ಕಮ್ಮಿಯೇ. ಆದರೂ ನನ್ನ ಮನೆಯ ಸುದ್ದಿಗೆ ಅವರಷ್ಟು ಕಾಯುವವರು ಲೋಕದಲ್ಲಿ ಇನ್ನೊಬ್ಬರಿರಲಿಲ್ಲ.

ಕಳೆದ ಬೇಸಿಗೆಯಲ್ಲಿ ಅವರು ಹೋದರು. ಸ್ಟ್ಯಾಂಡಿನ ಹೋಟೆಲಿನವನು ಬೆಳಗ್ಗೆ ಫೋನ್ ಮಾಡಿದ. ಅಣ್ಣನಿಗೆ, "ಸೊರಬದಲ್ಲಿ ನಮ್ಮೋರೊಬ್ರು ತೀರ್ಕಂಡ್ರು. ಇವತ್ತು ಕುರಿ ನೀನೇ ಹೊಡ್ಕಂಡು ಹೋಗು" ಎಂದಷ್ಟೇ ಹೇಳಿ ಹೊರಟೆ. ಅತ್ತಿಗೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು.

ಅಲ್ಲಿ ದೂರದ ನೆಂಟರು ಕೆಲವರಿದ್ದರು. ಉಳಿದವರು ಅವರಿಂದ ಇಳಿಯಲು ಕಲಿತವರು. ಗುರುತು ಸಿಕ್ಕರೂ ನಾವು ಒಬ್ಬರನ್ನೊಬ್ಬರು ಮಾತಾಡಿಸಲಿಲ್ಲ. ನೆಂಟರೆದುರು ಎಲ್ಲಿಯ ಪರಿಚಯವೆಂದು ಹೇಳುವುದು? ಕೂರಿಸಿ ಮಣ್ಣು ಮಾಡುವುದು ಅವರ ಕಡೆಯ ಪದ್ಧತಿ. ಜೀವಮಾನವೆಲ್ಲ ನಿಂತೇ ಇದ್ದವರನ್ನು ಅವತ್ತು ಕೂರಿಸಿದರು. ನಾನೂ ಒಂದು ಹಿಡಿ ಮಣ್ಣು ಹಾಕಿ, ಯಾರಿಗೂ ಹೇಳದೆ ಬಸ್ಸು ಹತ್ತಿದೆ.

ಸಂಜೆ ಮನೆಗೆ ಬಂದರೆ ಅಂಗಳದಲ್ಲಿ ಬಿಸಿನೀರು ತೋಡಿಟ್ಟಿತ್ತು, ಪಕ್ಕದಲ್ಲಿ ಅಣ್ಣನ ಒಗೆದ ಪಂಚೆ. ನಮ್ಮಲ್ಲಿ ಮಣ್ಣಿಗೆ ಹೋಗಿ ಬಂದವರು ಮೈ ತೊಳೆಯದೆ ಒಳಗೆ ಕಾಲಿಡುವಂತಿಲ್ಲ. ಜಗಲಿಯಲ್ಲೇ ಇರುವವನಿಗೆ ಯಾರೂ ಆ ನೀರು ಕಾಯಿಸುವುದಿಲ್ಲ. ಅತ್ತಿಗೆ ನನ್ನ ಮುಖ ನೋಡದೆ, "ಮೈ ತೊಳ್ಕಂಡು ಒಳಗೆ ಬಾ. ಬೆಳಗ್ಗಿಂದ ಉಂಡಿಲ್ಲ ನೀನು" ಅಂದಳು.

ಒಳಗೆ ಹೋದೆ. ಅಣ್ಣನ ಪಕ್ಕ ಕೂತು ತಟ್ಟೆಗೆ ಕೈ ಹಾಕಿದೆ. ನಾಳೆ ಮೊದಲ ಬಸ್ಸಿಗೇ ಸೊರಬಕ್ಕೆ ಹೋಗಿ ಹೇಳಬೇಕು ಎಂದುಕೊಂಡೆ. ಆಮೇಲೆ ನೆನಪಾಯಿತು, ಹೇಳಬೇಕಾದವರನ್ನೇ ಮಣ್ಣು ಮಾಡಿ ಬಂದಿದ್ದೆ.