ಆಷಾಢದ ಬಾಗಿಲುಗಳು

ಮದುವೆಯಾಗಿ ನಾನು ತಿಪಟೂರಿಗೆ ಬಂದಾಗ ನಮ್ಮ ಮಾವನ ಮರಗೆಲಸದ ಶೆಡ್ಡಿನಲ್ಲಿ ಎರಡೇ ಕಾಲ. ಒಂದೋ ನೊಣ ಹೊಡೆಯುವುದು, ಇಲ್ಲವೇ ಉಸಿರಾಡಲೂ ಪುರಸೊತ್ತಿಲ್ಲದ್ದು. ಆಷಾಢದಲ್ಲಿ ಯಾರೂ ಹೊಸ ಮನೆಗೆ ಬಾಗಿಲು ನಿಲ್ಲಿಸುವುದಿಲ್ಲ. ಶ್ರಾವಣ ಬಂತೋ, ಹೊನ್ನವಳ್ಳಿಯವರಿಗೂ ಕೆಂಕೆರೆಯವರಿಗೂ ಒಂದೇ ಮುಹೂರ್ತಕ್ಕೆ ಬಾಗಿಲುವಾಡ, ಅಂದರೆ ಬಾಗಿಲ ಚೌಕಟ್ಟು, ಬೇಕು.

ಕೆಲಸಕ್ಕಿದ್ದ ಇಬ್ಬರು ಆಚಾರಿಗಳು ಆಷಾಢ ಬಂದೊಡನೆ ಉಳಿ, ಬಾಚಿ ಚೀಲಕ್ಕೆ ತುಂಬಿಕೊಂಡು ಊರಿಗೆ ಹೊರಡುತ್ತಿದ್ದರು. ಒಂದು ವರ್ಷ ಅವರಲ್ಲಿ ಹಿರಿಯವನು, "ಈ ಸಲ ಹೋದ್ರೆ ಬರೋದು ಅನುಮಾನ ಕಣಣ್ಣ. ತುಮಕೂರಲ್ಲಿ ವರ್ಷಪೂರ್ತಿ ಕೆಲ್ಸ ಐತಂತೆ" ಅಂದ. ಮಾವನ ಮುಖ ಸಣ್ಣಗಾಯಿತು. ಇಬ್ಬರೂ ಹೋದರೆ ಶೆಡ್ಡಿಗೆ ಬೀಗವೇ. ನನಗೆ ತಡೆಯಲಾಗಲಿಲ್ಲ.

"ಆಷಾಢದಲ್ಲೇ ಬಾಗಿಲುವಾಡ ಮಾಡಿಟ್ಕಂಡ್ರೆ ಆಗಲ್ವಾ ಮಾವ?"

ಮಾವ ನಕ್ಕುಬಿಟ್ಟರು. "ಯಾರ ಮನೇದು ಅಂತ ಗೊತ್ತಿಲ್ದೆ ಯಾವ ಅಳ್ತೆಗೆ ಕುಯ್ತೀಯಮ್ಮಾ? ಆಯ ಏನು ಸಂತೇಲಿ ಸಿಗುತ್ತಾ?"

ಆಯವೆಂದರೆ ಯಜಮಾನನ ನಕ್ಷತ್ರ ನೋಡಿ ಗೊತ್ತುಮಾಡುವ ಅಳತೆ. ಮನೆಮನೆಗೂ ಬೇರೆ.

"ಅಳ್ತೆಗೆ ಕುಯ್ಯೋದು ಬ್ಯಾಡ. ಹತ್ತರಿ ಹೊಡ್ದು ನುಣ್ಣಗೆ ಮಾಡಿ, ಒಂದು ಗೇಣು ಉದ್ದ ಹೆಚ್ಚಿಗೆ ಬುಟ್ಟು ಇಡಾನ. ಆಯ ಬಂದ್ಮೇಲೆ ಮಿಕ್ಕಿದ್ದು ಕುಯ್ಯಾನ" ಅಂದೆ.

ಮಾವ ಒಲ್ಲದ ಮನಸ್ಸಿನಿಂದ ಹೂಂ ಅಂದರು. ಆಷಾಢದಲ್ಲಿ ಅರ್ಧ ದಿನ ಕೆಲಸ, ಶ್ರಾವಣದಲ್ಲಿ ದೀಪ ಹಚ್ಚುವವರೆಗೆ, ಸಂಬಳ ಮಾತ್ರ ಎರಡೂ ತಿಂಗಳು ಒಂದೇ ಎಂದು ಮಾತಾಯಿತು. ಆಚಾರಿಗಳು ಆ ಒಂದು ಸಲಕ್ಕೆ ಉಳಿದರು. ಅಂಗಳದಲ್ಲಿ ಸುಮ್ಮನೆ ಬಿದ್ದಿದ್ದ ಬೇವು, ಹಲಸಿನ ತೊಲೆಗಳೆಲ್ಲ ನುಣುಪಾಗಿ ಗೋಡೆಗೆ ಒರಗಿದವು. ಮಾವ ದಿನಾ ಬಂದು, "ಯಾವ ಮನೇದೂ ಅಲ್ಲದ ಬಾಗ್ಲುಗಳು" ಎಂದು ಗೊಣಗಿ ಹೋಗುತ್ತಿದ್ದರು.

ಶ್ರಾವಣದ ಮೊದಲ ವಾರ ಕೆಂಕೆರೆಯ ರೈತರೊಬ್ಬರು ಬಸ್ಸಿಳಿದು ಓಡಿಬಂದರು. ಮುಹೂರ್ತ ನಾಡಿದ್ದು. "ಆಗ್ತದೇನ್ರೀ?" ಎಂದರು. ಮಾವ ಬಾಯಿ ತೆರೆಯುವ ಮೊದಲೇ ನಾನು, "ಆಯ ಹೇಳಿ" ಅಂದೆ. ಅವರು ಹೇಳಿದ ಅಳತೆ ಮಾಮೂಲಿಗಿಂತ ಮೂರು ಬೆರಳು ಹೆಚ್ಚು. ನಾವು ಬಿಟ್ಟಿದ್ದ ಗೇಣಿನೊಳಗೇ ಇತ್ತು! ಖುಷಿಗೆ ಕುಣಿಯುವುದೊಂದು ಬಾಕಿ. ಮಾರನೆಯ ಸಂಜೆಗೆ ಬಾಗಿಲುವಾಡ ಗಾಡಿ ಹತ್ತಿತು. ಆ ತಿಂಗಳು ಬಂದವರಲ್ಲಿ ಯಾರನ್ನೂ ನಾವು ವಾಪಸು ಕಳಿಸಲಿಲ್ಲ.

ಮರುವರ್ಷ, ನಾಳೆ ಆಷಾಢ ಎನ್ನುವ ಸಂಜೆ, ಹಿರಿಯ ಆಚಾರಿ ಬರಿಗೈಯಲ್ಲಿ ಬಿಡಾರಕ್ಕೆ ಹೊರಟ. ಅವನ ಚೀಲ ಶೆಡ್ಡಿನ ಮೊಳೆಯಲ್ಲೇ ನೇತಾಡುತ್ತಿತ್ತು.

"ಚೀಲ ಮರ್ತೇನ್ಲಾ?" ಎಂದು ಮಾವ ಕೂಗಿದರು.

"ಮರ್ತಿಲ್ಲ ಕಣಣ್ಣ. ಬೆಳಿಗ್ಗೆ ಬತ್ತೀನಲ್ಲ."