ತೊಟ್ಟಿಲ ದಿನ ನಾನು ಹಾಡಿದ್ದು

ವಿಮಾನಗಳು ಇನ್ನೂ ಬೇಗಂಪೇಟೆಯಲ್ಲೇ ಇಳಿಯುತ್ತಿದ್ದ ದಿನಗಳವು. ಒಂದೊಂದು ಇಳಿದಾಗಲೂ ನಮ್ಮ ಎರಡು ಕೋಣೆಯ ಬಾಡಿಗೆ ಮನೆಯ ಕಿಟಕಿ ಗಡಗಡ ನಡುಗುತ್ತಿತ್ತು. ತಾರಸಿಯಲ್ಲಿ ಕುಂಟಾಬಿಲ್ಲೆ ಆಡುತ್ತಿದ್ದ ನಾವು ಕಿವಿ ಮುಚ್ಚಿಕೊಂಡು ಕಿರುಚುತ್ತಿದ್ದೆವು. ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಹಿಂದಿ, ಮನೆಯೊಳಗೆ ಮಾತ್ರ ಬೀದರಿನ ಕನ್ನಡ. ಆ ಕನ್ನಡದಲ್ಲಿ ಹಾಡು ಕಟ್ಟುತ್ತಿದ್ದವಳು ಅಪ್ಪನ ತಂಗಿ, ಸುಮಿತ್ರಾ ಅತ್ತೆ.

ಆರು ವರ್ಷವಾದರೂ ಮಕ್ಕಳಾಗಲಿಲ್ಲವೆಂದು ಗಂಡನ ಮನೆಯವರು ಅವಳನ್ನು ನಮ್ಮಲ್ಲಿಗೆ ಕಳಿಸಿಬಿಟ್ಟಿದ್ದರು. ನನಗೆ ತಮ್ಮ ಹುಟ್ಟಿದ ಬೇಸಿಗೆಯಲ್ಲಿ ಅವನ ತೊಟ್ಟಿಲ ಕಾರ್ಯಕ್ಕೆ ಅಪ್ಪ ಅವಳ ಗಂಡನನ್ನೂ ಅವನ ತಾಯಿಯನ್ನೂ ಕರೆದರು. ಬಂದವರು ಅವಳನ್ನು ಜೊತೆಗೇ ಕರೆದುಕೊಂಡು ಹೋದಾರೆಂಬ ಆಸೆ. ತೊಟ್ಟಿಲಿಗೆ ಹೊಸ ಹಾಡು ಕಟ್ಟುವ ಕೆಲಸ ಅತ್ತೆಯ ಪಾಲಿಗೆ ಬಂತು.

ನಾಲ್ಕು ದಿನವಾದರೂ ಒಂದು ನುಡಿ ಹುಟ್ಟಲಿಲ್ಲ. ಬರೆದದ್ದನ್ನೆಲ್ಲ ಹೊಡೆದುಹಾಕುತ್ತಿದ್ದಳು.

"ಮಾತ ಬರವಲ್ವು ನೀಲಾ. ಬಂದದ್ದೆಲ್ಲಾ ಸುಳ್ಳ ಅನಸಾಕತ್ತೈತಿ."

ಐದನೆಯ ದಿನ ಗುಗ್ಗರಿಗೆಂದು ಕಡಲೆ ಆರಿಸುತ್ತ ಕೂತಿದ್ದೆವು. ಬಾಣಂತಿಯ ಕೋಣೆಯಿಂದ ಲೋಬಾನದ ಹೊಗೆ ಬರುತ್ತಿತ್ತು. ಸುಮ್ಮನೆ ಕೇಳಿದೆ: "ಅತ್ತಿ, ನಿಮ್ಮ ಮನ್ಯಾಗೂ ತೊಟ್ಟಿಲ ಐತೇನು?"

ಅವಳ ಬೆರಳು ನಿಂತವು. "ತೊಟ್ಟಿಲ ಇಲ್ಲ. ತೊಲಿಗೆ ಕೊಂಡಿ ಐತಿ. ಅದಕ ನಮ್ಮತ್ತಿ ಉಳ್ಳಾಗಡ್ಡಿ ಕಟ್ಯಾಳ."

ಹೇಳಿದ್ದು ತನ್ನ ಕಿವಿಗೇ ಬಿದ್ದಂತೆ ತಲೆ ಎತ್ತಿದಳು. ಆಮೇಲೆ ರಾಗದಲ್ಲಿ ಅಂದಳು:

ತೊಟ್ಟಿಲ ಕೊಂಡೀಗಿ ಉಳ್ಳಾಗಡ್ಡಿ ತೂಗ್ಯಾವ
ಜೋಗುಳ ಯಾರೀಗಿ ಹಾಡಲೆ, ನಮ್ಮತ್ತಿ
ತೂಗಂದ್ರ ಯಾರ ತೂಗಲೆ

ನಾನು ನೋಟುಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದುಕೊಂಡೆ. ಕಡಲೆ ಮುಗಿಯುವುದರೊಳಗೆ ಎಂಟು ನುಡಿ ಬಂದವು. ಅದರ ಬೆನ್ನಿಗೇ ತಮ್ಮನ ಹಾಡು, ಎಲ್ಲೂ ತಡೆಯದೆ. ಅತ್ತೆ ಅಷ್ಟು ನಕ್ಕದ್ದನ್ನು ನಾನು ನೋಡಿರಲಿಲ್ಲ.

"ಮದಲಿಂದು ಹರದ ಒಗಿ. ಅದು ಎದಿಯಾಗ ಅಡ್ಡ ನಿಂತಿತ್ತು, ಹೋತು."

ನಾನು ಹರಿಯಲಿಲ್ಲ. ನನಗೆ ಅದೇ ಹೆಚ್ಚು ಚೆಂದ ಕಂಡಿತ್ತು.

ತೊಟ್ಟಿಲ ದಿನ ತಮ್ಮನ ಹಾಡನ್ನು ಎಲ್ಲರೂ ಹೊಗಳಿದರು. "ಇನ್ನೊಂದ ಹಾಡ್ರಿ" ಎಂದು ಯಾರೋ ಅಂದರು. ಹೊಗಳಿಕೆ ನನಗೂ ಬೇಕಿತ್ತು. ಅತ್ತೆ ಬಾಯಿ ತೆರೆಯುವ ಮೊದಲೇ ಎದ್ದು ನಿಂತು ಶುರುಮಾಡಿದೆ. ಮೂರನೆಯ ನುಡಿಗೆ ಅವ್ವ ನನ್ನ ಕೈ ಜಗ್ಗಿದಳು. ಅತ್ತೆಯ ಗಂಡನ ತಾಯಿ ಗುಗ್ಗರಿ ತಟ್ಟೆ ಕೆಳಗಿಟ್ಟು ಮಗನಿಗೆ, "ಏಳಪಾ. ಮಂದಿ ಮುಂದ ಮಾನಾ ಕಳ್ಯಾಕ ಕರಸ್ಯಾರ" ಎಂದಳು. ಉಣ್ಣದೆ ಹೋದರು.

"ಹುಡುಗಿಗೆ ಇಂಥಾದ್ದ ಕಲಸ್ತೀಯೇನು?" ಅಪ್ಪ ಅತ್ತೆಯನ್ನು ಕೇಳಿದರು. ಹರಿದು ಹಾಕೆಂದು ಹೇಳಿದ್ದೆ ಎಂಬ ಮಾತು ಅವಳ ಬಾಯಿಂದ ಬರಲಿಲ್ಲ. ನಾನೂ ಹೇಳಲಿಲ್ಲ. ಹೇಳಬೇಕಿತ್ತೆಂದು ಹನ್ನೊಂದು ವರ್ಷದವಳಿಗೂ ತಿಳಿಯುತ್ತದೆ, ನನಗೆ ತಿಳಿದಿತ್ತು.

ಗಂಡನ ಮನೆಯಿಂದ ಮತ್ತೆ ಸುದ್ದಿ ಬರಲಿಲ್ಲ. ಅತ್ತೆ ಬಟ್ಟೆ ಹೊಲಿಯುವ ಅಂಗಡಿಗೆ ಸೇರಿದಳು. ಹಾಡು ಕಟ್ಟಲಿಲ್ಲ. ಆ ಮನೆಗೆ ಹೋಗದೆ ಉಳಿದದ್ದೇ ಒಳ್ಳೆಯದಾಯಿತೆಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅವಳು ಹಾಗೆ ಎಂದೂ ಅಂದಿಲ್ಲ.

ಹೋದ ವರ್ಷ ಮಿಯಾಪುರದ ನಮ್ಮ ಫ್ಲ್ಯಾಟಿನಲ್ಲಿ ನನ್ನ ಮಗಳ ತೊಟ್ಟಿಲಾಯಿತು. ಹಾಡು ಫೋನಿನಲ್ಲಿ ಹಚ್ಚಿದೆವು. ಹೆಸರು ಸೇರಿಸಿ ಹೊಸ ನುಡಿ ಕಟ್ಟುವವರು ನಮ್ಮಲ್ಲಿ ಈಗ ಯಾರೂ ಇಲ್ಲ. ಮೂಲೆಯಲ್ಲಿ ಕೂತಿದ್ದ ಅತ್ತೆಯ ಹತ್ತಿರ ಹೋಗಿ, ಒಂದೇ ಒಂದು ನುಡಿ ಅನ್ನಿ ಎಂದು ಬೇಡಿಕೊಂಡೆ.

"ಬ್ಯಾಡವಾ," ಎಂದಳು, ಸಿಟ್ಟಿಲ್ಲದೆ. "ನೀ ಕಲ್ತ ಹಾಡಿಬಿಡ್ತಿ."